ಮಾರ್ಗದರ್ಶಕರ ದಾರಿಗೆ ಅಡ್ಡಬಿದ್ದ ಕಲ್ಲುಗಳು

ವೈಟ್‌ಫೀಲ್ಡ್ ಕಡೆಯ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ನನಗೆ ಕೈಪಿಡಿ ಬರೆಯುವ ಕೆಲಸವಿತ್ತು. ಎಂಜಿನಿಯರುಗಳು ತಯಾರಿಸಿದ ತಂತ್ರಾಂಶವನ್ನು ಬಳಸುವುದು ಹೇಗೆಂದು ಹಂತಹಂತವಾಗಿ ವಿವರಿಸುವ ದಪ್ಪ ದಪ್ಪ ಪುಸ್ತಕಗಳವು. ಯಾರೂ ಓದುತ್ತಿರಲಿಲ್ಲ. ಗ್ರಾಹಕರು ಓದುವ ಬದಲು ಫೋನ್ ಮಾಡುತ್ತಿದ್ದರು, ಫೋನ್ ಎತ್ತಿದವರು ಎಂಜಿನಿಯರನ್ನು ಕೇಳುತ್ತಿದ್ದರು, ಎಂಜಿನಿಯರು ಕಂಪ್ಯೂಟರಿನಿಂದ ಕಣ್ಣು ಕೀಳದೆ 'ಮ್ಯಾನ್ಯುಯಲ್‌ನಲ್ಲಿ ಇರಬೇಕು ನೋಡಿ' ಎನ್ನುತ್ತಿದ್ದ. ಯಾರೂ ಓದದ ಪುಸ್ತಕವನ್ನು ಶ್ರದ್ಧೆಯಿಂದ ಬರೆಯುವ ಅಭ್ಯಾಸ ನನಗೆ ಆದದ್ದು ಅಲ್ಲಿಯೇ. ಮುಂದೆ ಕನ್ನಡದಲ್ಲಿ ಬರೆಯಲು ಕೂತಾಗ ಅದು ಬಹಳ ಉಪಯೋಗಕ್ಕೆ ಬಂತು.

ಆ ವರ್ಷವೂ ಬಡ್ತಿಯಾದವರಲ್ಲಿ ನಾನಿಲ್ಲವೆಂದು ಗೊತ್ತಾದ ದಿನ ನಮ್ಮ ಮ್ಯಾನೇಜರ್ ಮೇಡಂ ನನ್ನನ್ನು ಗಾಜಿನ ಕೋಣೆಗೆ ಕರೆದು ಕೂರಿಸಿದರು. ಒಳ್ಳೆಯ ಹೆಂಗಸು. ಕೆಟ್ಟ ಸುದ್ದಿ ಹೇಳುವ ಮುನ್ನ ಕಾಫಿ ತರಿಸುವಷ್ಟು ಒಳ್ಳೆಯವರು.

"ನೋಡು, ನಿನ್ನ ಕೆಲಸದಲ್ಲಿ ಒಂದೂ ತಪ್ಪಿಲ್ಲ. ಅದೇ ಪ್ರಾಬ್ಲಮ್ಮು," ಎಂದರು.

"ತಪ್ಪು ಮಾಡ್ಬೇಕಾ ಮೇಡಂ?"

"ಹಂಗಲ್ಲ ಕಣೇ. ತಪ್ಪಾದ್ರೆ ಮೀಟಿಂಗ್ ಕರೀತಾರೆ. ನೀನು ಬಂದು ಸರಿ ಮಾಡ್ತೀಯ. ನಾಲ್ಕು ಜನ ಥ್ಯಾಂಕ್ಸ್ ಹೇಳ್ತಾರೆ. ಈಗ ನೋಡು, ಮೇಲಿನ ಫ್ಲೋರಲ್ಲಿ ನೀನು ಅಂತ ಒಬ್ಳು ಇದೀಯ ಅನ್ನೋದೇ ಯಾರಿಗೂ ಗೊತ್ತಿಲ್ಲ. ನಿಂಗೆ ಬೇಕಾಗಿರೋದು ಒಬ್ಬ ಮೆಂಟರ್."

ಇದು ನಾನು ಬೆಳೆದ ರೀತಿಗೇ ವಿರುದ್ಧವಾದ ಮಾತು. ನಮ್ಮಪ್ಪ ಪೀಣ್ಯದ ಕಾರ್ಖಾನೆಯೊಂದರಲ್ಲಿ ಸರ್ವಿಸ್ ಪೂರ್ತಿ ಕಳೆದವರು. 'ತಲೆ ತಗ್ಗಿಸಿ ಕೆಲ್ಸ ಮಾಡು, ಮೇಲಿನವರ ಕಣ್ಣಿಗೆ ಬೀಳ್ಬೇಡ' ಎನ್ನುವುದು ಅವರು ನನಗೆ ಕೊಟ್ಟ ಏಕೈಕ ಉಪದೇಶ. ಅವರ ಕಾರ್ಖಾನೆಯಲ್ಲಿ ಕಣ್ಣಿಗೆ ಬಿದ್ದವನಿಗೆ ಮೆಮೋ ಸಿಗುತ್ತಿತ್ತು. ಇಲ್ಲಿ ಕಣ್ಣಿಗೆ ಬಿದ್ದವರಿಗೆ ಬಡ್ತಿ ಸಿಗುತ್ತಿತ್ತು. ಇಪ್ಪತ್ತೆಂಟು ವರ್ಷ ಕಣ್ಣಿಗೆ ಬೀಳದಿರಲು ಕಲಿತವಳು ಈಗ ಬೀಳುವುದನ್ನು ಕಲಿಯಬೇಕಿತ್ತು.

ಅದೃಷ್ಟಕ್ಕೆ ಅದೇ ತಿಂಗಳು ನಮ್ಮ ಕಂಪನಿ ಮೆಂಟರಿಂಗ್ ಕಾರ್ಯಕ್ರಮವನ್ನು ಶುರುಮಾಡಿತು. ಬಲೂನು ಕಟ್ಟಿದರು, ಕೇಕು ಕತ್ತರಿಸಿದರು, ಎಲ್ಲರಿಗೂ ಒಂದೊಂದು ಮಗ್ಗು ಕೊಟ್ಟರು. ಹಿರಿಯರನ್ನೂ ಕಿರಿಯರನ್ನೂ ಕಂಪ್ಯೂಟರೇ ಜೋಡಿ ಮಾಡಿತು. ನಮ್ಮ ಕಡೆ ಜಾತಕ ನೋಡಿ ಮಾಡುವುದನ್ನು ಅಲ್ಲಿ ಪ್ರಶ್ನಾವಳಿ ನೋಡಿ ಮಾಡಿದರು ಅಷ್ಟೆ. ನನ್ನ ಪಾಲಿಗೆ ಬಂದವರು ಬೇರೆ ವಿಭಾಗದ ಮುಖ್ಯಸ್ಥರು. ಉತ್ತರದ ಕಡೆಯವರು, ಐವತ್ತರ ಅಂಚು, ಮ್ಯಾರಥಾನ್ ಓಡಿ ಓಡಿ ಕಡ್ಡಿಯಂತಾದ ಮೈ. ಬೆಂಗಳೂರಿಗೆ ಬಂದು ಎಂಟು ವರ್ಷವಾಗಿತ್ತು. ಅಷ್ಟರಲ್ಲಿ 'ಕನ್ನಡ ಗೊತ್ತಿಲ್ಲ' ಎನ್ನುವುದನ್ನು ಮಾತ್ರ ಬಹಳ ಸ್ಪಷ್ಟವಾಗಿ, ಒಂದು ಒತ್ತೂ ತಪ್ಪದಂತೆ ಕಲಿತಿದ್ದರು. ನಮ್ಮ ಮಾತುಕತೆಯೆಲ್ಲ ಇಂಗ್ಲಿಷಿನಲ್ಲಿ. ಅವರ ಮಾತನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಇಂಗ್ಲಿಷಿನಲ್ಲಿ ಇನ್ನೂ ತೂಕವಾಗಿ ಕೇಳುತ್ತಿತ್ತು.

ಮೊದಲ ಭೇಟಿ ಕ್ಯಾಂಪಸ್ಸಿನ ಕಾಫಿ ಅಂಗಡಿಯಲ್ಲಿ.

"ಐದು ವರ್ಷದ ನಂತರ ನಿಮ್ಮನ್ನು ನೀವು ಎಲ್ಲಿ ಕಾಣುತ್ತೀರಿ?" ಎಂದು ಕೇಳಿದರು.

ನನ್ನನ್ನು ನಾನು ಕಾಣುವುದಿರಲಿ, ನೀವು ಕಂಡರೆ ಸಾಕು ಎನ್ನಬೇಕೆನಿಸಿತು. "ಟೀಮ್ ಲೀಡ್ ಆಗಬೇಕೆಂದಿದ್ದೇನೆ," ಎಂದೆ. ಅವರು ಟಿಶ್ಯೂ ಕಾಗದದ ಮೇಲೆ ಒಂದರೊಳಗೊಂದು ವೃತ್ತಗಳನ್ನು ಬರೆದು ನಡುವೆ ನನ್ನನ್ನು ಕೂರಿಸಿದರು. ಸುತ್ತಲೂ ಇರಬೇಕಾದವರು ನನ್ನ ಸಂಪರ್ಕಗಳಂತೆ.

"ಒಂದು ಮಾತು ಜೀವಮಾನವಿಡೀ ನೆನಪಿಡಿ. ಸಂಬಂಧಗಳನ್ನು ಅವು ಬೇಕಾಗುವ ಮೊದಲೇ ಕಟ್ಟಿಕೊಳ್ಳಬೇಕು. ಬೇಕಾದಾಗ ಹೋದರೆ ಅದು ಸಂಬಂಧವಲ್ಲ, ವ್ಯವಹಾರ."

ಮಾತು ಚೆನ್ನಾಗಿತ್ತು. ಆಮೇಲೆ ಮುಕ್ಕಾಲು ಗಂಟೆ ತಮ್ಮ ಮೊಣಕಾಲಿನ ವಿಷಯ ಹೇಳಿದರು. ಹೊರಡುವಾಗ ಒಂದು ಮನೆಪಾಠ ಕೊಟ್ಟರು: ವಾರಕ್ಕೊಬ್ಬ ಅಪರಿಚಿತ ಹಿರಿಯರ ಬಳಿ ನಾನಾಗಿಯೇ ಹೋಗಿ ಪರಿಚಯ ಮಾಡಿಕೊಳ್ಳಬೇಕು.

ಮರುದಿನವೇ ಲಿಫ್ಟಿನಲ್ಲಿ ಸೂಟು ತೊಟ್ಟ ಒಬ್ಬರು ಸಿಕ್ಕರು. ಧೈರ್ಯ ಮಾಡಿ ನಕ್ಕು, "ನಮಸ್ಕಾರ, ನಾನು ಡಾಕ್ಯುಮೆಂಟೇಶನ್ ವಿಭಾಗದವಳು," ಎಂದೆ. ಅವರ ಮುಖ ಸಣ್ಣಗಾಯಿತು. "ಕ್ಷಮಿಸಿ, ನನ್ನ ಪಾಸ್‌ಪೋರ್ಟ್ ಜೆರಾಕ್ಸು ಇನ್ನೂ ಕೊಟ್ಟಿಲ್ಲ, ನಾಳೆ ಖಂಡಿತ ಕೊಡುತ್ತೇನೆ," ಎಂದು ತಮ್ಮ ಮಹಡಿ ಬರುವ ಮೊದಲೇ ಇಳಿದುಹೋದರು. ಮುಂದೆ ನನ್ನನ್ನು ಕಂಡಾಗಲೆಲ್ಲ ಮೆಟ್ಟಿಲು ಹಿಡಿಯುತ್ತಿದ್ದರು. ಒಟ್ಟಿನಲ್ಲಿ ಒಬ್ಬರ ಕಣ್ಣಿಗಾದರೂ ಬಿದ್ದಿದ್ದೆ.

ಮೆಂಟರ್ ಭೇಟಿಗಳು ಒಂದಾದಮೇಲೊಂದು ರದ್ದಾದವು. ಪ್ರತಿ ಸಲವೂ ಬಹಳ ವಿಷಾದದಿಂದ ರದ್ದು ಮಾಡುತ್ತಿದ್ದರು. ನಾನು ಮಗ್ಗಿನಲ್ಲಿ ಕಾಫಿ ಕುಡಿಯುತ್ತ ಕೈಪಿಡಿ ಬರೆಯುತ್ತಿದ್ದೆ. ಮಳೆಗಾಲ ಹಿಡಿಯುವ ಹೊತ್ತಿಗೆ ಅವರಾಗಿಯೇ ಕರೆದರು. ಮುಖ ಬಾಡಿತ್ತು. ಕಾಫಿ ಮುಟ್ಟಲಿಲ್ಲ.

"ನೀವು ವಾಸವಿರುವುದೆಲ್ಲಿ?"

"ಹೂಡಿ."

ಆ ಮನುಷ್ಯ ಕುರ್ಚಿಯಿಂದ ಎದ್ದೇಬಿಡುತ್ತಾರೇನೋ ಅಂದುಕೊಂಡೆ. ಇಷ್ಟು ದಿನದಲ್ಲಿ ನನ್ನ ಬಗ್ಗೆ ಅವರಿಗೆ ಹುಟ್ಟಿದ ಮೊದಲ ನಿಜವಾದ ಆಸಕ್ತಿ ಅದು.

ವಿಷಯ ಇಷ್ಟು. ಅವರು ಹೂಡಿಯಲ್ಲೇ ಒಂದು ಸೈಟು ಕೊಂಡು ಮನೆ ಕಟ್ಟಿಸುತ್ತಿದ್ದರು. ಗೋಡೆ, ಮಾಳಿಗೆ ಎಲ್ಲ ಆಗಿತ್ತು. ಬಾಗಿಲು, ಕಿಟಕಿ, ನೆಲದ ಕಲ್ಲು ಬರಬೇಕು. ಆದರೆ ಸೈಟಿಗೆ ಹೋಗುವ ಗಲ್ಲಿಯ ಬಾಯಿಗೆ ಯಾರೋ ಮೂರು ದೊಡ್ಡ ಚಪ್ಪಡಿ ಕಲ್ಲುಗಳನ್ನು ಅಡ್ಡ ನೆಟ್ಟುಬಿಟ್ಟಿದ್ದರು. ಲಾರಿಯಿರಲಿ, ಸ್ಕೂಟರು ಸಹ ದಾಟದು. ಯಾರನ್ನು ಕೇಳಿದರೂ ಬೆನ್ನು ತಿರುಗಿಸುತ್ತಾರೆ. ಅವರ ಕಾಂಟ್ರಾಕ್ಟರು ಕೈಚೆಲ್ಲಿದ್ದ.

ಅವರು ಫೋನಿನಲ್ಲಿ ತೋರಿಸಿದ ಚಿತ್ರ ನೋಡಿದ ತಕ್ಷಣ ನನಗೆ ಗುರುತು ಸಿಕ್ಕಿತು. ಅದು ನಮ್ಮ ಓನರ್ ಮನೆಯ ಹಿಂದಿನ ಗಲ್ಲಿ. ಬಸ್ಸಿಗೆ ಹೋಗುವಾಗ ನಾನು ದಿನವೂ ಸೀರೆ ಎತ್ತಿಕೊಂಡು ದಾಟುತ್ತಿದ್ದದ್ದು ಅದೇ ಕಲ್ಲುಗಳನ್ನು.

ನಮ್ಮ ಓನರು ಹೂಡಿಯ ಹಳೆಯ ಬೇಸಾಯದ ಮನೆತನದವರು. ಹೊಲದ ಬಹುಪಾಲು ಟೆಕ್ ಪಾರ್ಕಿಗೆ ಹೋಗಿತ್ತು. ಉಳಿದ ನೆಲದಲ್ಲಿ ಮೂರಂತಸ್ತು ಎಬ್ಬಿಸಿ ರೂಮು ರೂಮಾಗಿ ಬಾಡಿಗೆಗೆ ಕೊಟ್ಟಿದ್ದರು. ಮೊದಲು ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಎಂಜಿನಿಯರುಗಳನ್ನು ಬೆಳೆಯುತ್ತಿದ್ದರು. ಮಳೆ ನಂಬದ ಬೆಳೆ, ಇಳುವರಿ ಚೆನ್ನಾಗಿತ್ತು. ಹೆಂಡತಿ ತೀರಿಕೊಂಡಿದ್ದರು. ಮನೆಯಲ್ಲಿ ಮಗ, ಸೊಸೆ, ಮತ್ತು ತೀರಿಹೋದ ಅಣ್ಣನ ಹೆಂಡತಿ. ಈ ಅತ್ತಿಗೆಯನ್ನು ಬೀದಿಗೆ ಬೀದಿಯೇ ದೊಡ್ಡಮ್ಮ ಎನ್ನುತ್ತಿತ್ತು. ಬಾಡಿಗೆ ವಸೂಲಿ ಓನರ್ ಮಾಡುತ್ತಿದ್ದರು, ಆಳ್ವಿಕೆ ದೊಡ್ಡಮ್ಮನದು.

ಆ ಸಂಜೆ ಓನರು ಹಸುವಿಗೆ ಹುಲ್ಲು ಹಾಕುತ್ತಿದ್ದರು. ಹೋಗಿ ಕೇಳಿದೆ.

"ಅಂಕಲ್, ಹಿಂದ್ಲ ಗಲ್ಲಿಗೆ ಕಲ್ಲು ನೆಡ್ಸಿದೀರಲ್ಲ, ಯಾಕೆ?"

"ನಾನಲ್ಲಮ್ಮ, ಅತ್ಗೆ ನೆಡ್ಸಿರೋದು. ಅಲ್ಲಿ ಒಬ್ಬ ಮನೆ ಕಟ್ತಾವ್ನಲ್ಲ, ಅವನ ಜಲ್ಲಿ ಲಾರಿ ಬಂದು ನಮ್ಮ ಮೋರಿ ಮೇಲಿನ ಚಪ್ಪಡಿ ಮುರೀತು. ಅತ್ಗೆ ಓಗಿ ಆವಯ್ಯನ ಕಾರ್ ಪಕ್ಕ ನಿಂತ್ರೆ ಗಾಜು ಕೂಡ ಇಳಿಸ್ಲಿಲ್ಲ. ಒಳಗಿಂದ್ಲೇ ಇಂಗೆ ಕೈ ಮಾಡಿ ಮೇಸ್ತ್ರೀನ ತೋರ್ಸಿ ಒಂಟೋದ. ಆ ದಾರಿ ಅಣ್ಣನ ಪಾಲಿಂದು. ಇಷ್ಟು ದಿನ ಜನ ಓಡಾಡ್ಲಿ ಅಂತ ಬಿಟ್ಟಿದ್ವಿ. ಅತ್ಗೆ ಮಾರ್ನೆ ದಿನ ಟ್ರಾಕ್ಟರಲ್ಲಿ ಕಲ್ಲು ತರ್ಸಿದ್ರು."

"ಅವ್ರು ಕೋರ್ಟಿಗೆ ಹೋದ್ರೆ?"

"ಓಗ್ಲಿ ಬುಡು. ತೀರ್ಪು ಬರೋ ಒತ್ತಿಗೆ ಆ ಮನೆ ಅಳೇದಾಗಿ ಬಿದ್ದೋಗಿರ್ತದೆ."

ಇದನ್ನು ಮೆಂಟರಿಗೆ ವರದಿ ಮಾಡಿದೆ. ಗಾಜಿನ ವಿಷಯ ಕೇಳಿ ಅವರು, "ಇರಬಹುದು. ನಾನು ಕಾಲ್‌ನಲ್ಲಿದ್ದೆ," ಎಂದರು. ಆಮೇಲೆ ಪೆನ್ನು ತೆಗೆದು, ಇದರಲ್ಲಿ ತೀರ್ಮಾನ ತೆಗೆದುಕೊಳ್ಳುವವರು ಯಾರು, ಪ್ರಭಾವ ಬೀರುವವರು ಯಾರು, ಬರೆದು ತೋರಿಸಿ ಎಂದರು. ನಾನು ಟಿಶ್ಯೂ ಕಾಗದದ ಮೇಲೆ ಒಂದೇ ಒಂದು ವೃತ್ತ ಬರೆದು ಒಳಗೆ 'ದೊಡ್ಡಮ್ಮ' ಎಂದು ಬರೆದೆ.

"ಅವರ ಇಮೇಲ್?"

"ಜಗಲಿ," ಎಂದೆ. "ಭಾನುವಾರ ಬೆಳಿಗ್ಗೆ ಬಂದು ಜಗಲಿ ಮೇಲೆ ಕೂತುಕೊಳ್ಳಿ."

ಬಂದರು. ಕೈಯಲ್ಲಿ ರಿಬ್ಬನ್ನು ಕಟ್ಟಿದ ಒಣಹಣ್ಣಿನ ಪೆಟ್ಟಿಗೆ, ಮೈಮೇಲೆ ಯಾವುದೋ ಓಟದಲ್ಲಿ ಕೊಟ್ಟ ಟೀ ಶರ್ಟು. ಓನರು ಪ್ಲಾಸ್ಟಿಕ್ ಕುರ್ಚಿಯನ್ನು ಟವಲಿನಿಂದ ಒರೆಸಿ ಕೂರಿಸಿದರು. ದೊಡ್ಡಮ್ಮ ಜಗಲಿಯ ಕಂಬಕ್ಕೊರಗಿ ಕಡಲೆಕಾಯಿ ಸುಲಿಯುತ್ತಿದ್ದವರು ತಲೆ ಎತ್ತಲಿಲ್ಲ. ನಾನು ಇಬ್ಬರ ನಡುವೆ ದುಭಾಷಿಯಾಗಿ ನಿಂತೆ. ಸೊಸೆ ಸ್ಟೀಲ್ ಲೋಟದಲ್ಲಿ ಕಾಫಿ ತಂದಿಟ್ಟು ಬಾಗಿಲ ಬಳಿ ನಿಂತಳು. ಇಪ್ಪತ್ತಮೂರು ಇಪ್ಪತ್ತನಾಲ್ಕರ ಹುಡುಗಿ. ಮದುವೆಯಾಗಿ ಬಂದು ವರ್ಷವಾಗಿದ್ದರೂ ಅವಳ ಬಾಯಲ್ಲಿ 'ಹೂಂ ಮಾವ' ಬಿಟ್ಟು ಬೇರೆ ಮಾತನ್ನು ನಾನು ಕೇಳಿರಲಿಲ್ಲ.

"ನಾನು ಹಾಲು, ಸಕ್ಕರೆ ಬಿಟ್ಟಿದ್ದೇನೆ," ಎಂದರು ಮೆಂಟರ್.

"ಏನಂತೆ?" ಎಂದರು ದೊಡ್ಡಮ್ಮ.

"ಬಿಸಿ ಇದೆಯಂತೆ ದೊಡ್ಡಮ್ಮ," ಎಂದು, ಇತ್ತ ತಿರುಗಿ ಇಂಗ್ಲಿಷಿನಲ್ಲಿ, "ಕುಡಿಯಿರಿ, ಇಲ್ಲದಿದ್ದರೆ ಮನೆಗೆ ಬಾಗಿಲು ಬರುವುದಿಲ್ಲ," ಎಂದೆ. ಕಷಾಯ ಕುಡಿಯುವವರಂತೆ ಒಂದು ಗುಟುಕು ಕುಡಿದರು. ಆಮೇಲೆ ಗಂಟಲು ಸರಿಮಾಡಿಕೊಂಡು ಸಿದ್ಧಪಡಿಸಿಕೊಂಡು ಬಂದ ಮಾತು ಶುರುಮಾಡಿದರು. ಹೊರಗುತ್ತಿಗೆಯವರ ಅಜಾಗರೂಕತೆಯಿಂದ ಸಂಬಂಧಪಟ್ಟ ಎಲ್ಲರಿಗೂ ಆದ ಅನನುಕೂಲದ ಬಗ್ಗೆ ತಮಗೆ ವಿಷಾದವಿದೆ, ಪರಸ್ಪರ ಲಾಭದಾಯಕವಾದ ಪರಿಹಾರಕ್ಕೆ ತಾವು ಬದ್ಧರು, ಹೀಗೆ ಸಾಗಿತು. ಉಸಿರು ತೆಗೆದುಕೊಳ್ಳಲು ನಿಂತಾಗ ನಾನು ಹೇಳಿದೆ:

"ತಪ್ಪಾಯ್ತಂತೆ ದೊಡ್ಡಮ್ಮ."

"ಅಷ್ಟುದ್ದ ಹೇಳಿದ್ದು ಇಷ್ಟೇನಾ?"

"ಇಂಗ್ಲಿಷಲ್ಲಿ ಸುತ್ತು ಜಾಸ್ತಿ ದೊಡ್ಡಮ್ಮ."

ದೊಡ್ಡಮ್ಮ ಕಡಲೆಕಾಯಿ ಮೊರ ಪಕ್ಕಕ್ಕಿಟ್ಟರು. ಆಗ ಮೊದಲ ಸಲ ಆ ಮನುಷ್ಯನನ್ನು ನೋಡಿದರು. "ಕಲ್ಲು ಮುರ್ದಿದ್ದಕ್ಕಲ್ಲಮ್ಮ. ಕಲ್ಲು ಹೋದ್ರೆ ಕಲ್ಲು ಬರ್ತದೆ. ನಾನು ಅಷ್ಟೊತ್ತು ನಿಂತಿದ್ದೆ. ಆವಯ್ಯ ನನ್ನ ಮಕ ನೋಡ್ಲಿಲ್ಲ. ಅದನ್ನ ಹೇಳು ಅವ್ರಿಗೆ."

ಈ ಮಾತನ್ನು ನಾನು ಏನೂ ಕೂಡಿಸದೆ, ಏನೂ ಬಿಡದೆ ಹೇಳಿದೆ. ಮೆಂಟರ್ ಲೋಟ ಕೆಳಗಿಟ್ಟರು. ಆಮೇಲೆ ನನ್ನ ಕಡೆ ಬಾಗಿ, ಕನ್ನಡದಲ್ಲಿ ಹೇಗೆ ಹೇಳಬೇಕೆಂದು ಪಿಸುದನಿಯಲ್ಲಿ ಕೇಳಿ, ಎದ್ದು ನಿಂತು, "ತಪ್ಪು ಆಯ್ತು, ಅಮ್ಮ," ಎಂದರು. ನಾನು ಅವರನ್ನು ಎಷ್ಟು ಆಡಿಕೊಂಡರೂ ಆ ಎರಡು ಕ್ಷಣ ಆಡಿಕೊಳ್ಳುವ ಹಾಗಿರಲಿಲ್ಲ. ಅವರ ಕಿವಿ ಕೆಂಪಾಗಿತ್ತು.

"ಆಯ್ತು ಬುಡು, ಕೂತ್ಕೋ. ಕಾಫಿ ಆರೋಯ್ತದೆ," ಎಂದರು ದೊಡ್ಡಮ್ಮ. ಕೇಸು ಮುಗಿಯಿತು.

ಅಲ್ಲಿಗೆ ಎದ್ದಿದ್ದರೆ ಸರಿಹೋಗುತ್ತಿತ್ತು. ಆದರೆ ನಮ್ಮ ಓನರಿಗೆ ಕೈಗೆ ಸಿಕ್ಕ ಗಿರಾಕಿಯನ್ನು ಸುಮ್ಮನೆ ಕಳಿಸುವ ಅಭ್ಯಾಸವಿರಲಿಲ್ಲ.

"ಇನ್ನೊಂದು ಮಾತು ಕೇಳಮ್ಮ ಅವರ್ನ. ಮೇಲಿನ ರೂಮ್ ಹುಡುಗ್ರೆಲ್ಲ ನಿನಗಿಂತ ಆಮೇಲೆ ಬಂದೋರು. ಆಗ್ಲೇ ಲೀಡ್ ಆದ್ರು, ಕಾರ್ ತಗಂಡ್ರು. ನೀನು ಇನ್ನೂ ಬಸ್ಸಿಗೆ ಓಡ್ತೀಯ. ನಿಂಗೆ ಪ್ರಮೋಷನ್ ಯಾವಾಗ ಕೊಡ್ತಾರಂತೆ?"

ನನ್ನ ಮೈ ಬೆವರಿತು. ನನ್ನ ಬಡ್ತಿಯನ್ನು ನಾನೇ ಇಂಗ್ಲಿಷಿಗೆ ಅನುವಾದ ಮಾಡಿ ಕೇಳುವುದು ಹೇಗೆ? "ಮನೆ ಕೆಲಸ ಯಾವಾಗ ಮುಗಿಯುತ್ತದೆ ಎಂದು ಕೇಳುತ್ತಿದ್ದಾರೆ," ಎಂದೆ ಮೆಂಟರಿಗೆ.

ಅವರು ಉತ್ಸಾಹದಿಂದ ಓನರ್ ಕಡೆಗೇ ತಿರುಗಿ, "ದಿವಾಲಿ! ದಿವಾಲಿ!" ಎಂದರು.

ಬಾಗಿಲ ಬಳಿಯಿದ್ದ ಸೊಸೆಗೆ ಕೆಮ್ಮು ಬಂತು. ಸೆರಗು ಬಾಯಿಗಿಟ್ಟುಕೊಂಡು ಒಳಗೆ ಓಡಿದಳು.

"ಯಾರು ದಿವಾಳಿ ಆದ್ರು?" ಎಂದರು ದೊಡ್ಡಮ್ಮ ಗಾಬರಿಯಿಂದ.

"ಅಲ್ಲ ಅತ್ಗೆ, ದೀಪಾವಳಿ. ದೀಪಾವಳಿಗೆ ಪ್ರಮೋಷನ್ ಕೊಡ್ತಾರಂತೆ," ಎಂದು ಓನರು ಎದ್ದು ಮೆಂಟರ್ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕುಲುಕಿದರು. "ಓಕೆ ಸಾರ್? ದಿವಾಲಿ. ಪಕ್ಕಾ?"

"ಪಕ್ಕಾ, ಪಕ್ಕಾ," ಎಂದರು ಮೆಂಟರ್. ಹೀಗೆ ನನ್ನ ವೃತ್ತಿಜೀವನದ ಅತ್ಯಂತ ಮಹತ್ವದ ಮಾತುಕತೆ ಮುಗಿಯಿತು. ಅದರಲ್ಲಿ ಭಾಗವಹಿಸಿದ ಯಾರಿಗೂ ತಾನು ಏನು ಒಪ್ಪಿಕೊಂಡೆನೆಂದು ಗೊತ್ತಿರಲಿಲ್ಲ.

ಮರುವಾರ ಕಲ್ಲುಗಳನ್ನು ಕಿತ್ತರು. ಆದರೆ ದೂರ ಸಾಗಿಸಲಿಲ್ಲ. ಗಲ್ಲಿಯ ಪಕ್ಕದ ಗೋಡೆಗೆ ಒರಗಿಸಿಟ್ಟರು. ಮೆಂಟರ್ ಮನೆಗೆ ಬಾಗಿಲು ಬಂತು, ಕಿಟಕಿ ಬಂತು. ಅವರು ಕೆಲಸ ನೋಡಲು ಬಂದಾಗಲೆಲ್ಲ ಓನರು ಹಸುವಿನ ಹಗ್ಗ ಹಿಡಿದೇ ಹತ್ತಿರ ಹೋಗಿ, "ಸಾರ್, ದಿವಾಲಿ, ಪ್ರಮೋಷನ್, ಓಕೆ?" ಎನ್ನುತ್ತಿದ್ದರಂತೆ. ಕೊನೆಗೊಂದು ದಿನ ಮೆಂಟರ್ ಆಫೀಸಿನಲ್ಲಿ ನನ್ನನ್ನು ಕರೆಸಿ ಕೇಳಿದರು:

"ನಿಮ್ಮ ಓನರ್ ನನಗೆ ಬಡ್ತಿ ಸಿಗಲಿ ಎಂದು ಹಾರೈಸುತ್ತಿದ್ದಾರೆಯೇ?"

ಇನ್ನು ಮುಚ್ಚಿಡಲು ಸಾಧ್ಯವಿರಲಿಲ್ಲ. ನಡೆದದ್ದನ್ನೆಲ್ಲ ಹೇಳಿದೆ. ಬಿದ್ದು ಬಿದ್ದು ನಕ್ಕರು. ಕಣ್ಣು ಒರೆಸಿಕೊಂಡರು. ನಂತರ ಅವರ ನಗು ನಿಧಾನವಾಗಿ ನಿಂತಿತು.

"ಆ ಕಲ್ಲುಗಳನ್ನು ಯಾಕೆ ಅಲ್ಲೇ ಇಟ್ಟಿದ್ದಾರೆ?"

"ಗೊತ್ತಿಲ್ಲ," ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ. ಟ್ರಾಕ್ಟರ್ ಕೆಟ್ಟಿತ್ತೆಂದು ಆಮೇಲೆ ತಿಳಿಯಿತು.

"ಮತ್ತೆ ನೆಡುವ ಸಾಧ್ಯತೆ ಇದೆಯೇ?"

"ಹೇಳಲು ಬರುವುದಿಲ್ಲ."

"ನೀವು ಬರೆದ ಕೈಪಿಡಿಗಳನ್ನು ಕಳಿಸಿ, ನೋಡೋಣ," ಎಂದರು. ನನ್ನ ಪುಸ್ತಕಗಳಿಗೆ ಕೊನೆಗೂ ಒಬ್ಬ ಓದುಗ ಸಿಕ್ಕಿದ.

ದೀಪಾವಳಿಗೆ ಹತ್ತು ಹನ್ನೆರಡು ದಿನ ಇರುವಾಗ ಬಡ್ತಿಯ ಪತ್ರ ಬಂತು. ಮ್ಯಾನೇಜರ್ ಮೇಡಂ ನನ್ನ ಬೆನ್ನು ತಟ್ಟಿ, "ಮೀಟಿಂಗಲ್ಲಿ ನಿನ್ ಮೆಂಟರ್ ಏನ್ ಮಾತಾಡಿದ್ರು ಗೊತ್ತಾ! ಕಷ್ಟದ ಜನರ ನಡುವೆ ನಿಂತು ಮಾತುಕತೆ ನಡೆಸೋದು ನಿನ್ನ ಹತ್ರ ಕಲೀಬೇಕಂತೆ. ಎಲ್ಲಿ ಮಾಡಿದ್ಯೇ ಅದನ್ನ?" ಎಂದರು. "ಒಂದು ಪ್ರಾಜೆಕ್ಟಲ್ಲಿ," ಎಂದೆ. ಸಂತೋಷವಾಯಿತು, ಇಲ್ಲವೆನ್ನುವುದಿಲ್ಲ. ಆದರೆ ರಾತ್ರಿಯೆಲ್ಲ ಕಣ್ಣು ನೋಯಿಸಿಕೊಂಡು ಬರೆದ ಸಾವಿರಾರು ಪುಟಗಳು ಮಾಡದ ಕೆಲಸವನ್ನು ಮೋರಿಯ ಮೇಲಿನ ಒಂದು ಒಡೆದ ಚಪ್ಪಡಿ ಮಾಡಿತಲ್ಲ ಎಂದು ಒಳಗೆ ಚುಚ್ಚುತ್ತಲೂ ಇತ್ತು. ಅಪ್ಪನಿಗೆ ಫೋನ್ ಮಾಡಿದೆ. "ಯಾರ ಕಣ್ಣಿಗೆ ಬಿದ್ಯೇ?" ಎಂದು ಕಳವಳದಿಂದ ಕೇಳಿದರು.

ವರ್ಷದ ಕೊನೆಯ ದೊಡ್ಡ ಸಭೆಯಲ್ಲಿ ಮೆಂಟರ್ ವೇದಿಕೆಯ ಮೇಲೆ ನಮ್ಮ ಜೋಡಿಯ ಯಶೋಗಾಥೆ ಹೇಳಿದರು. ಸಂಕೋಚದ ಹುಡುಗಿಯೊಬ್ಬಳನ್ನು ಅವಳ ಚಿಪ್ಪಿನಿಂದ ತಾವು ಹೊರತಂದ ಕಥೆ. ಚಿಪ್ಪಿನ ಚಿತ್ರವೂ ಪರದೆಯ ಮೇಲೆ ಬಂತು. ದೊಡ್ಡಮ್ಮನಾಗಲಿ, ಕಡಲೆಕಾಯಿಯಾಗಲಿ ಬರಲಿಲ್ಲ. ನಾನು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದೆ. ಅದು ಲೀಡ್ ಆದವರ ಕರ್ತವ್ಯ.

ಬೀದಿಯಲ್ಲಿ ಮಾತ್ರ ಬಡ್ತಿ ಕೊಡಿಸಿದ ಕೀರ್ತಿ ಓನರಿಗೆ ಸಂದಿತು. ಅವರೇ ಸಲ್ಲಿಸಿಕೊಂಡರು. ಮೇಲಿನ ರೂಮಿನ ಹುಡುಗರು ಬಾಡಿಗೆ ಕೊಡಲು ಹೋದಾಗ ತಮ್ಮ ತಮ್ಮ ಮ್ಯಾನೇಜರುಗಳ ಹೆಸರು ಹೇಳಿ ಬರಲು ಶುರುಮಾಡಿದರು.

ಈ ನಡುವೆ ಒಂದು ಭಾನುವಾರ ನಾನು ಟೆರೇಸಿನಲ್ಲಿ ಬಟ್ಟೆ ಒಣಗಹಾಕುತ್ತಿದ್ದೆ. ಓನರ್ ಸೊಸೆ ಬಕೆಟ್ ಹಿಡಿದು ಮೇಲೆ ಬಂದಳು.

"ಅಕ್ಕ, ಒಂದು ಮಾತು. ಅವತ್ತು ನೀವು ಬೇಕಂತ್ಲೇ ತಪ್ಪು ಟ್ರಾನ್ಸ್‌ಲೇಟ್ ಮಾಡಿದ್ರಿ ಅಲ್ವಾ?"

ನನ್ನ ಕೈಯಿಂದ ಕ್ಲಿಪ್ಪು ಬಿತ್ತು. "ನಿಂಗೆ ಹೆಂಗೆ ಗೊತ್ತಾಯ್ತು?"

"ನಾನು ಬಿಇ ಮಾಡಿದೀನಿ ಅಕ್ಕ. ಡಿಸ್ಟಿಂಕ್ಷನ್ನು. ಲಾಸ್ಟ್ ಸೆಮ್ ಮುಗೀತಿದ್ದಂಗೆ ಮದ್ವೆ ಮಾಡಿದ್ರು. ಹಿಂದಿನೂ ಬರತ್ತೆ, ಹಾಸ್ಟೆಲಲ್ಲಿ ಕಲ್ತೆ."

ವರ್ಷದಿಂದ ಅವಳ ಕೈ ಕಾಫಿ ಕುಡಿಯುತ್ತಿದ್ದೆ, ಅವಳು ಏನು ಓದಿದ್ದಾಳೆಂದು ಒಂದು ದಿನ ಕೇಳಿರಲಿಲ್ಲ. ಬಡ್ತಿಯ ಬಗ್ಗೆ ಅಷ್ಟು ಗಟ್ಟಿಯಾಗಿ ಕೇಳಿದ ಅವಳ ಮಾವನಿಗೂ ಮನೆಯಲ್ಲೇ ಒಬ್ಬಳು ಎಂಜಿನಿಯರ್ ಇದ್ದಾಳೆಂದು ಹೊಳೆದಿರಲಿಲ್ಲ. "ಕೆಲ್ಸಕ್ಕೆ ಹೋಗ್ತೀನಿ ಅಂತ ಒಂದ್ಸಲ ಕೇಳ್ದೆ. 'ನಮಗೇನ್ ಕಮ್ಮಿ ಆಗೈತೆ' ಅಂದ್ರು," ಎಂದಳು. ನಾನು ತಕ್ಷಣ ಮಾರ್ಗದರ್ಶಕಿಯಾಗಿಬಿಟ್ಟೆ. ಬಡ್ತಿಯ ಗುಣ ಅದು. ಸೊಂಟದ ಮೇಲೆ ಕೈಯಿಟ್ಟುಕೊಂಡು, ಐದು ವರ್ಷದ ನಂತರ ನಿನ್ನನ್ನು ನೀನು ಎಲ್ಲಿ ಕಾಣುತ್ತೀಯ ಎಂದೂ ಕೇಳಿದೆ.

"ಈ ಟೆರೇಸ್ ಬಿಟ್ಟು ಎಲ್ಲಾದ್ರೂ ಅಕ್ಕ," ಎಂದಳು.

ನಿನ್ನ ಮಾವನ ಹತ್ತಿರ ನಾನು ಮಾತಾಡುತ್ತೇನೆ ಎಂದು ಮಾತು ಕೊಟ್ಟೆ. ಮುಂದಿನ ವಾರ ಮಾತಾಡೋಣವೆಂದುಕೊಂಡೆ. ಆ ವಾರ ಕೆಲಸವಿತ್ತು. ಅದರ ಮುಂದಿನ ವಾರ ಬಹಳ ವಿಷಾದದಿಂದ ಮುಂದೂಡಿದೆ. ಮೆಂಟರ್ ಆದಮೇಲೆ ಇದೆಲ್ಲ ತಾನಾಗಿ ಬರುತ್ತದೆ, ಯಾರೂ ಹೇಳಿಕೊಡಬೇಕಿಲ್ಲ.

ಅವಳು ಕಾಯಲಿಲ್ಲ. ಮೆಂಟರ್ ಮನೆಯ ಗೃಹಪ್ರವೇಶಕ್ಕೆ ನಮಗೆಲ್ಲ ಕರೆ ಬಂದಿತ್ತು. ದೊಡ್ಡಮ್ಮನನ್ನು ಎಲ್ಲರಿಗಿಂತ ಮೊದಲು ಒಳಗೆ ಕರೆದು ಮಣೆ ಹಾಕಿ ಕೂರಿಸಿದರು. ಆ ವಿಷಯದಲ್ಲಿ ಮೆಂಟರ್ ಪಾಠ ಕಲಿತಿದ್ದರು. ಸೊಸೆ ಅಡುಗೆಮನೆಗೆ ಹೋಗಿ ಮೆಂಟರ್ ಹೆಂಡತಿಯ ಜೊತೆ ಹಾಲು ಉಕ್ಕಿಸಲು ನಿಂತಳು. ಉಕ್ಕಿದ ಮೇಲೂ ಇಬ್ಬರೂ ಹೊರಗೆ ಬರಲಿಲ್ಲ. ಒಳಗಿನಿಂದ ಹಿಂದಿ, ನಗು ಕೇಳುತ್ತಿತ್ತು. ಮೆಂಟರ್ ಹೆಂಡತಿ ಎಲೆಕ್ಟ್ರಾನಿಕ್ ಸಿಟಿಯಲ್ಲಿ, ಕಂಪ್ಯೂಟರಿನಲ್ಲಿ ಕಲಿಯುವ ಪಾಠಗಳನ್ನು ತಯಾರಿಸುವ ಒಂದು ಕಂಪನಿಯಲ್ಲಿದ್ದರು. ಊಟದ ಹೊತ್ತಿಗೆ ಆಕೆ ನೇರವಾಗಿ ದೊಡ್ಡಮ್ಮನ ಬಳಿ ಬಂದು ಕೂತರು. ಸೊಸೆಯೇ ದುಭಾಷಿ. ತನ್ನ ಕೆಲಸದ ಮಾತನ್ನು ತಾನೇ ಕನ್ನಡಕ್ಕೆ ತಂದಳು, ನನ್ನ ಹಾಗೆ ಬೆವರಲಿಲ್ಲ.

"ಅವ್ರ ಆಫೀಸಲ್ಲಿ ನಂಗೊಂದು ಇಂಟರ್‌ವ್ಯೂ ಮಾಡಿಸ್ತಾರಂತೆ ದೊಡ್ಡಮ್ಮ. ಸಿಕ್ರೆ ದಿನಾ ಅವ್ರ ಕಾರಲ್ಲೇ ಕರ್ಕೊಂಡ್ ಹೋಗಿ ಕರ್ಕೊಂಡ್ ಬರ್ತಾರಂತೆ. ಹೆಂಗೂ ಕಾರು ನಮ್ಮ ಗಲ್ಲಿ ಮೇಲೇ ಹೋಗ್ಬೇಕಲ್ಲ. ನೀವು ಹೂಂ ಅನ್ಬೇಕಂತೆ."

ಓನರು ಬಾಯಿಗೆ ಹಾಕಿಕೊಂಡ ಲಾಡನ್ನು ನುಂಗಲಾರದೆ ಕೂತಿದ್ದರು. ದೊಡ್ಡಮ್ಮ ಒಮ್ಮೆ ಮೆಂಟರ್ ಹೆಂಡತಿಯನ್ನು, ಒಮ್ಮೆ ಸೊಸೆಯನ್ನು ನೋಡಿದರು. "ಅಷ್ಟು ಓದಿರೋಳ್ನ ಬಟ್ಟೆ ಒಣಗಾಕಕ್ಕೆ ಬಿಟ್ಟಿದೀವಿ. ಓಗಿ ಬರ್ಲಿ," ಎಂದರು. ತಿಂಗಳೊಳಗೆ ಅವಳು ಕೆಲಸಕ್ಕೆ ಸೇರಿದಳು. ಸೊಸೆಗೆ ಕೆಲಸ ಕೊಡಿಸಿದ್ದು ತಾನೇ ಎಂದು ಓನರು ಹಾಲಿನವನಿಗೆ ಹೇಳುತ್ತಿದ್ದದ್ದನ್ನು ನಾನೇ ಕೇಳಿದ್ದೇನೆ.

ಆಮೇಲೆ ಕೆಲವು ವರ್ಷ ಎಲ್ಲವೂ ನೆಟ್ಟಗೆ ನಡೆಯಿತು. ನಾನು ಮನೆ ಬದಲಾಯಿಸಿದೆ. ಮೆಂಟರ್ ಮನೆ ಮಾರಿ ಬೇರೆ ದೇಶಕ್ಕೆ ಹೋದರು. ಹೋಗುವಾಗ ಸಂಪರ್ಕದಲ್ಲಿರೋಣ ಎಂದು ಎಲ್ಲರಿಗೂ ಒಂದೇ ಇಮೇಲ್ ಕಳಿಸಿದರು. ಒಂದು ದಿನ ನಮ್ಮ ಕಂಪನಿಗೆ, ಕೈಪಿಡಿಗಳನ್ನು ಯಾರೂ ಓದುವುದಿಲ್ಲವೆಂಬ ಸತ್ಯ ತಿಳಿದುಬಂತು. ನಮ್ಮ ವಿಭಾಗವನ್ನೇ ಮುಚ್ಚಿದರು. ಮ್ಯಾನೇಜರ್ ಮೇಡಂ ಆ ದಿನವೂ ಕಾಫಿ ತರಿಸಿದರು, ಈ ಸಲ ತಮಗೂ ಸೇರಿಸಿ.

ನಾನು ಸಂಪರ್ಕಗಳಿಗೆಲ್ಲ ಬರೆದೆ. ಮೆಂಟರ್ ಉತ್ತರ ಒಂದು ಗಂಟೆಯೊಳಗೆ ಬಂತು: ಬೇಗನೆ ಮಾತಾಡೋಣ. ಆ ಬೇಗ ಇನ್ನೂ ಬಂದಿಲ್ಲ. ಉಳಿದವರು ನನ್ನ ಧೈರ್ಯವನ್ನು ಮೆಚ್ಚಿದರು. ಓನರ್ ಸೊಸೆಗೆ ನಾನು ಬರೆದಿರಲಿಲ್ಲ. ಕೊಟ್ಟ ಮಾತು ನಡೆಸದ ಮೇಲೆ ಯಾವ ಮುಖ ಹೊತ್ತು ಬರೆಯಲಿ? ಅವಳೇ ಫೋನ್ ಮಾಡಿದಳು.

"ಅಕ್ಕ, ಕೆಲ್ಸ ಹೋಯ್ತಂತೆ? ನಂಗೆ ಹೇಳ್ಬಾರ್ದಾ? ನಮ್ಮಲ್ಲಿ ಬರೆಯೋರು ಬೇಕು. ರೆಸ್ಯೂಮ್ ಕಳ್ಸಿ. ಒಂದೇ ಪೇಜು ಇರ್ಲಿ, ನಿಮ್ಮ ಮ್ಯಾನ್ಯುಯಲ್ ಥರ ಮಾಡ್ಬೇಡಿ."

ಕಳಿಸಿದೆ. ಇಂಟರ್‌ವ್ಯೂನಲ್ಲಿ ಅವಳಿರಲಿಲ್ಲ, ತನಗೆ ಗೊತ್ತಿರುವವರಾದ್ದರಿಂದ ತಾನು ಕೂರಬಾರದೆಂದು ಹೊರಗುಳಿದಿದ್ದಳಂತೆ. ನಾನು ನನ್ನ ಬಲದ ಮೇಲೆಯೇ ಉತ್ತರ ಹೇಳಿ ಆಯ್ಕೆಯಾದೆ. ಹಾಗೆಂದು ನಂಬಿದ್ದೇನೆ.

ಕೆಲಸಕ್ಕೆ ಸೇರಿದ ಮೊದಲ ದಿನ ಮಧ್ಯಾಹ್ನ ಅವಳೇ ಬಂದು ನನ್ನನ್ನು ಕ್ಯಾಂಟೀನಿಗೆ ಕರೆದುಕೊಂಡು ಹೋದಳು. ಕುತ್ತಿಗೆಯಲ್ಲಿ ಗುರುತಿನ ಪಟ್ಟಿ, ನಡಿಗೆಯಲ್ಲಿ ಅವಸರ. ಉದ್ದನೆಯ ಮೇಜಿನ ಸುತ್ತ ಅವಳ ಕೈಕೆಳಗಿನ ಏಳೆಂಟು ಜನ ಊಟ ಮಾಡುತ್ತಿದ್ದರು. ಎಲ್ಲರೂ ತಲೆ ಎತ್ತಿ ನೋಡಿದರು. ನಾನು ನನ್ನ ಅನುಭವ, ಲೀಡ್ ಆಗಿದ್ದದ್ದು, ಎಲ್ಲ ಹೇಳುತ್ತಾಳೇನೋ ಎಂದು ಸೀರೆ ಸರಿಮಾಡಿಕೊಂಡು ನಿಂತೆ.

"ಇವ್ರು ನಮ್ಮನೆ ಮೇಲಿದ್ದ ಅಕ್ಕ," ಎಂದಳು. "ಜಾಗ ಮಾಡ್ಕೊಡ್ರೋ."

ಇಬ್ಬರು ಸರಿದು ಕೂತರು. ತಟ್ಟೆ ಇಟ್ಟುಕೊಂಡು ಕೂತೆ.